ಬಾಂಬಿನ ವೇಷಕ್ಕೆ ಎರಡು ಬೀಗ

ಬಯಲಾಟಕ್ಕೂ ನಾಟಕಕ್ಕೂ ಪರದೆ, ಲೈಟು, ವೇಷಗಳನ್ನು ಬಾಡಿಗೆಗೆ ಕೊಡುವುದು ನನ್ನ ಕಸುಬು. ಕೊಟ್ಟೂರಿನ ನನ್ನ ಅಂಗಡಿಗೆ ಅರಮನೆಯ ಪರದೆ ಬೇಕೆಂದು ಬರುತ್ತಾರೆ, ರಾಜನ ಕಿರೀಟ, ಪೊಲೀಸಿನವನ ಟೋಪಿ, ಸನ್ಯಾಸಿಯ ಜಟೆ ಬೇಕೆಂದು ಬರುತ್ತಾರೆ. ಆದರೆ ಹರಪನಹಳ್ಳಿ ಬಸ್ಸಿನಿಂದ ಇಳಿದು ನೇರವಾಗಿ ಅಂಗಡಿಗೆ ಬಂದ ಆ ಹೆಂಗಸು, ಹೆಗಲ ಚೀಲ ಕೆಳಗಿಡುವ ಮೊದಲೇ, “ಅಣ್ಣಾರೆ, ಅಣುಬಾಂಬಿಗೆ ಒಂದು ವೇಷ ಮಾಡ್ಸಬೇಕಿತ್ತು” ಅಂದರು. ನಾನು ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆಯ ಮೇಲೆಯೇ ಮರೆತು ಅವರ ಮುಖ ನೋಡುತ್ತ ನಿಂತೆ. ಸೇನಾಪತಿಯ ಅಂಗಿಯ ತೋಳಿನ ಮೇಲೆ ಆ ಸುಟ್ಟ ಗುರುತು ಈಗಲೂ ಇದೆ.

ಅವರು ಭೌತವಿಜ್ಞಾನಿ. ದೊಡ್ಡ ಊರಿನ ಪ್ರಯೋಗಾಲಯದಲ್ಲಿ ದುಡಿದು, ನಿವೃತ್ತರಾಗಿ ಹರಪನಹಳ್ಳಿಗೆ ಬಂದು ನೆಲೆಸಿದವರು. ಜಗತ್ತಿನ ಯಾವ ದೇಶದ ಕೈಯಲ್ಲೂ ಅಣ್ವಸ್ತ್ರ ಇರಬಾರದು ಎನ್ನುವ ವಿಜ್ಞಾನಿಗಳ ಒಂದು ಗುಂಪಿದೆಯಂತೆ, ಅದರಲ್ಲಿ ಇವರೂ ಒಬ್ಬರು. ನಮ್ಮ ಕಡೆಯ ತಾಲೂಕುಗಳಲ್ಲಿ ಭಾಷಣ ಮಾಡಿ ಮಾಡಿ ಅವರಿಗೆ ಸಾಕಾಗಿತ್ತು. ಹಡಗಲಿಯಲ್ಲಿ ಮಾತಾಡುವಾಗ ಸಭಾಂಗಣದ ಫ್ಯಾನಿನ ಸದ್ದು ತಮ್ಮ ದನಿಗಿಂತ ಜೋರಾಗಿ ಕೇಳಿತಂತೆ. “ಜನ ಕೆಟ್ಟೋರಲ್ಲ ಅಣ್ಣಾರೆ. ನಾನು ಹೇಳೋದು ಅವರಿಗೆ ಮುಟ್ಟಲ್ಲ, ಅಷ್ಟೆ” ಅಂದರು.

ಅದಕ್ಕೇ ಅವರು ಹಗರಿಬೊಮ್ಮನಹಳ್ಳಿಯ ಬಯಲಾಟದ ಮಾಸ್ತರನ್ನು ಹಿಡಿದಿದ್ದರು. ಮಾಸ್ತರು ಪದ ಕಟ್ಟುತ್ತಾರೆ, ಹಾರ್ಮೋನಿಯಂ ನುಡಿಸುತ್ತಾರೆ, ತಾಲೀಮು ಕೊಡುತ್ತಾರೆ. ಇಬ್ಬರೂ ಕೂತು ಒಂದು ಕಥೆ ಮಾಡಿದ್ದರು. ಇಬ್ಬರು ರಾಜರು, ಒಬ್ಬರಿಗೊಬ್ಬರು ಹೆದರಿ, ಇಬ್ಬರೂ ಸೇರಿ ಮಲಗಿದ್ದ ಒಬ್ಬ ರಾಕ್ಷಸನನ್ನು ಎಬ್ಬಿಸುತ್ತಾರೆ. ಅವನೇ ಬಾಂಬು. ರಾತ್ರಿಯಿಡೀ ಆಡುವ ಆಟವಲ್ಲ. ಸಂಜೆ ಶುರುವಾಗಿ ಊಟದ ಹೊತ್ತಿಗೆ ಮುಗಿಯಬೇಕು. ಮೊದಲು ಕೂಡ್ಲಿಗಿ, ಆಮೇಲೆ ಕೋಗಳಿ, ಕೊನೆಗೆ ಇಟ್ಟಿಗಿ, ಹೀಗೆ ಮೂರು ಕಡೆ ಗೊತ್ತಾಗಿತ್ತು. ಮೇಡಂ ನನ್ನೆದುರಿಗೇ ಹೇಳಿದರು: “ಈ ಮೂರು ಆಟದಾಗೂ ಜನರಿಗೆ ಮುಟ್ಟಲಿಲ್ಲ ಅಂದ್ರೆ ನಾನು ಬಿಟ್ಟುಬಿಡ್ತೀನಿ. ಇನ್ನು ಆಗಲ್ಲ ನನ್ನ ಕೈಲಿ.” ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು. ನನಗೆ ಪಾಪ ಅನ್ನಿಸಿತು. ಅದಕ್ಕಿಂತ ಹೆಚ್ಚಾಗಿ, ಸುಳ್ಳು ಯಾಕೆ ಹೇಳಲಿ, ಇಂಥ ವೇಷ ಮಾಡುವ ಅವಕಾಶ ಮತ್ತೆ ಬರುವುದಿಲ್ಲ ಅನ್ನಿಸಿತು.

ನಾನು ಹಟ ಹಿಡಿದು ಆ ವೇಷ ಮಾಡಿದೆ. ಬಿದಿರಿನ ಸೀಳು ಬಗ್ಗಿಸಿ ಎದೆಯ ಗೂಡು ಕಟ್ಟಿದೆ. ಅದರ ಮೇಲೆ ರಟ್ಟು, ರಟ್ಟಿನ ಮೇಲೆ ಬಟ್ಟೆ, ಬಟ್ಟೆಯ ಮೇಲೆ ಚಿನ್ನದ ಬಣ್ಣದ ಬೇಗಡೆ. ಭುಜಕೀರ್ತಿಗಳನ್ನು ರೆಕ್ಕೆಯ ಹಾಗೆ ಅಗಲ ಮಾಡಿದೆ. ಅಂಚಿಗೆಲ್ಲ ಕನ್ನಡಿಯ ಚೂರು, ಎದೆಯ ನಡುವೆ ಕೆಂಪು ಸೀರಿಯಲ್ ಲೈಟು, ಸೊಂಟದ ಹಿಂದೆ ಬ್ಯಾಟರಿ. ಕಿರೀಟವಂತೂ ನನ್ನ ಜೀವ ತಿಂದಿತು. ಬಾಂಬು ಬಿದ್ದಾಗ ಹೊಗೆ ಅಣಬೆಯ ಹಾಗೆ ಏಳುತ್ತದೆ ಎಂದು ಮೇಡಂ ಚಿತ್ರ ತೋರಿಸಿದ್ದರು. ಆ ಅಣಬೆಯನ್ನೇ ಕಿರೀಟ ಮಾಡಿ, ಒಳಗಿನಿಂದ ಬೆಳಕು ಬರುವ ಹಾಗೆ ಅದಕ್ಕೇ ಬೇರೆ ಬ್ಯಾಟರಿ ಇಟ್ಟು, ಅದರ ಮೈಮೇಲೆಲ್ಲ ಚಮಕಿ ಉದುರಿಸಿದೆ. ತಲೆಯ ಮೇಲೆ ನಿಲ್ಲಲೇ ಒಲ್ಲದು. ಮೂರು ಸಲ ಬಿಚ್ಚಿ ಮತ್ತೆ ಕಟ್ಟಿದೆ. ನಮ್ಮಪ್ಪನ ಕಾಲದಿಂದ ಈ ಅಂಗಡಿಯಲ್ಲಿ ಅಂಥ ಕಿರೀಟ ಆಗಿರಲಿಲ್ಲ.

ವೇಷ ತೊಡಬೇಕಾದವನು ಕೂಡ್ಲಿಗಿ ಹತ್ತಿರದ ಒಂದು ಹಳ್ಳಿಯ ರೈತ. ಶೇಂಗಾ ಬೆಳೆಯುತ್ತಾನೆ. ಐವತ್ತು ದಾಟಿದ ಆಳು, ಬಾಗಿಲಿಗೆ ಅಡ್ಡ ನಿಂತರೆ ಒಳಗೆ ಕತ್ತಲು. ಹರೆಯದಿಂದಲೂ ರಾಕ್ಷಸ ಪಾರ್ಟನ್ನೇ ಮಾಡಿದವನಾದ್ದರಿಂದ ಸುತ್ತಿನ ಹಳ್ಳಿಗಳಲ್ಲಿ ಅವನ ಹೆಸರೇ ರಾಕ್ಷಸ. ಹೆಂಡತಿಯೂ ಹಾಗೇ ಕರೆಯುತ್ತಾಳೆ. ನಾನೂ ಇಲ್ಲಿ ಹಾಗೇ ಬರೆಯುತ್ತೇನೆ, ಅವನಿಗೇನೂ ಬೇಜಾರಿಲ್ಲ. ವೇಷ ನೋಡಿದವನೇ ಅದಕ್ಕೆ ಕೈಮುಗಿದು, “ಸಾವ್ಕಾರ್ರ, ಇದನ್ನ ಹಾಕ್ಕೊಂಡು ಸತ್ರೂ ಚಿಂತಿಲ್ರಿ” ಅಂದ. ನಾನು ಉಬ್ಬಿಹೋದೆ.

ತಾಲೀಮಿನಲ್ಲಿ ಒಂದು ತಮಾಷೆ ನಡೆಯುತ್ತಿತ್ತು, ಆಗ ಅದು ನಮ್ಮ ಕಣ್ಣಿಗೆ ಬೀಳಲಿಲ್ಲ. ಬಯಲಾಟದಲ್ಲಿ ಯಾವ ಪಾತ್ರ ರಂಗಕ್ಕೆ ಬಂದರೂ ಸಾರಥಿ ಎನ್ನುವವನು ಎದುರು ನಿಂತು “ತಾವು ಯಾರು?” ಎಂದು ಕೇಳಬೇಕು, ಪಾತ್ರ ತನ್ನ ಪ್ರತಾಪ ಹೇಳಿಕೊಳ್ಳಬೇಕು. ಸಾರಥಿಯ ಪಾರ್ಟು ಮಾಸ್ತರದೇ. ಬಾಂಬು ಏನು ಹೇಳಬೇಕೆಂದು ಮೇಡಂ ಒಂದೊಂದೇ ವಿವರ ಕೊಡುತ್ತಿದ್ದರು: ಆ ಶಾಖ ಎಂಥದು, ಗಾಳಿ ಹೇಗೆ ಗೋಡೆಗಳನ್ನು ತಳ್ಳುತ್ತದೆ, ಮಳೆ ಹೇಗೆ ಕಪ್ಪಗೆ ಸುರಿಯುತ್ತದೆ, ಆಕಾಶಕ್ಕೆ ಮಸಿ ಕವಿದು ಬಿಸಿಲಿಲ್ಲದೆ ಬೆಳೆ ಹೇಗೆ ಸಾಯುತ್ತದೆ. ಮಾಸ್ತರು ಒಂದೊಂದನ್ನೂ ಗಂಡುಮೆಟ್ಟಿನ ಪದ ಮಾಡುತ್ತಿದ್ದರು. ಜನ ಹೆದರಲಿ ಎಂದು ಮೇಡಂ ಹೇಳಿದ್ದೆಲ್ಲ ರಾಕ್ಷಸನ ಬಾಯಲ್ಲಿ ಜಂಬವಾಗುತ್ತಿತ್ತು. ಮದ್ದಳೆಯವನು ಅದಕ್ಕೆ ಒಳ್ಳೇ ಪೆಟ್ಟು ಕೂಡಿಸುತ್ತಿದ್ದ. ನಾವೆಲ್ಲ ತಲೆದೂಗುತ್ತಿದ್ದೆವು, ಮೇಡಂ ಕೂಡ.

ಕೂಡ್ಲಿಗಿಯಲ್ಲಿ ಆಟ ಶುರುವಾದಾಗ ಇನ್ನೂ ಬೆಳಕಿತ್ತು. ಬಯಲು ತುಂಬಿತ್ತು. ಹೈವೇಯಲ್ಲಿ ಹೋಗುವ ಲಾರಿಯವರೂ ಗಾಡಿ ನಿಲ್ಲಿಸಿ ಬಂದು ನಿಂತಿದ್ದರು. ಇಬ್ಬರು ರಾಜರು ಕುಣಿದು ಹೋದರು, ಜನ ಸುಮ್ಮನೆ ನೋಡಿದರು. ಕತ್ತಲಾದ ಮೇಲೆ ಲೈಟು ಆರಿಸಿ, ಹೊಗೆ ಮಷಿನ್ ಬಿಟ್ಟು, ಎದೆಯ ಕೆಂಪು ಲೈಟು ಮಿಣುಕಿಸುತ್ತ ರಾಕ್ಷಸನನ್ನು ಬಿಟ್ಟೆ. ಅವನು ಒಂದು ಹೆಜ್ಜೆ ಇಟ್ಟ, ಗೆಜ್ಜೆ ಝಲ್ಲೆಂದಿತು. ಜನ ಎದ್ದು ನಿಂತರು. ಆ ಶಿಳ್ಳೆ ಏನು, ಆ ಕೇಕೆ ಏನು! “ತಾವು ಯಾರು?” ಎಂದು ಮಾಸ್ತರು ಕೇಳಿದರು. ಅವನು ಒಂದೊಂದು ಪ್ರತಾಪ ಹೇಳಿದಾಗಲೂ “ಇನ್ನೊಮ್ಮೆ! ಇನ್ನೊಮ್ಮೆ!” ಎಂದು ಬೊಬ್ಬೆ. ಪಾತ್ರ ಮೆಚ್ಚಿದವರು ರಂಗಕ್ಕೆ ಬಂದು ಶಾಲು ಹೊದಿಸುವುದು ನಮ್ಮ ಪದ್ಧತಿ. ರಾಕ್ಷಸನ ಮೇಲೆ ಶಾಲು, ಟವೆಲುಗಳ ರಾಶಿಯೇ ಬಿತ್ತು. ಕೊನೆಯಲ್ಲಿ ಊರುಗಳು ಸುಟ್ಟು, ತಾಯಂದಿರು ಅಳುವ ಪದ ಬಂದಾಗ ಅರ್ಧ ಜನ ಎದ್ದು ಹೋಗಿದ್ದರು. ಉಳಿದವರು ಬಾಂಬಿನ ಜೊತೆ ಸೆಲ್ಫಿ ತೆಗೆಸಿಕೊಳ್ಳಲು ವೇಷ ಕಟ್ಟುವ ಬಣ್ಣದ ಮನೆಯ ಹತ್ತಿರ ಸಾಲುಗಟ್ಟಿದ್ದರು.

ನಾನು ಖುಷಿಯಲ್ಲಿ ಮೇಡಂ ಹತ್ತಿರ ಓಡಿದೆ. ಅವರು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಚೀಲ ಅವುಚಿಕೊಂಡು ಕೂತಿದ್ದರು. ನನ್ನ ಮುಖ ನೋಡಲಿಲ್ಲ.

ಮರುದಿನ ಅವರೂ ಮಾಸ್ತರೂ ನನ್ನ ಅಂಗಡಿಯಲ್ಲಿ ಕೂತರು. “ಅಣ್ಣಾರೆ, ನಾವು ಬಾಂಬಿಗೆ ಜಾಹೀರಾತು ಮಾಡಿಬಂದ್ವಿ” ಎಂದು ಮೇಡಂ ಮೆಲ್ಲಗೆ ಹೇಳಿದರು. ನನಗೆ ಮೈ ಉರಿದುಹೋಯಿತು. “ಏನ್ ಮಾತಾಡ್ತೀರ್ರಿ ಮೇಡಂ? ನಿಮ್ಮ ಭಾಷಣಕ್ಕ ಬಂದಿತ್ತೇನ್ರಿ ಇಷ್ಟು ಮಂದಿ? ಎದ್ದು ನಿಂತು ನೋಡ್ಯಾರ ಜನ!” ಎಂದೆ. ಮಾಸ್ತರು ನನ್ನ ಕಡೆಗೇ ವಾಲಿದರು. ರಾಕ್ಷಸ ಜೋರಾಗಿದ್ದರೆ ತಾನೇ ಆಟ ಏಳುವುದು, ಇದು ತಲೆತಲಾಂತರದ ಲೆಕ್ಕ ಎಂದು ವಾದಿಸಿದರು. ಮಾತಿಗೆ ಮಾತು ಬೆಳೆಯಿತು. ನಾನಂತೂ ಒಮ್ಮೆ ಬಾಯಿ ತೆರೆದರೆ ಎದುರಿನವರಿಗೆ ಸಂದು ಕೊಡುವವನಲ್ಲ.

ಅಷ್ಟರಲ್ಲಿ ಮೂವರು ಹುಡುಗರು ಬೈಕಿನಲ್ಲಿ ಬಂದಿಳಿದರು. ಕೂಡ್ಲಿಗಿಯ ಆಟ ನೋಡಿದವರಂತೆ. ಅವರ ಸಂಘದ ಮೆರವಣಿಗೆ ಇತ್ತು. “ಸಾವ್ಕಾರ್ರ, ಆ ಬಾಂಬಿನ ಡ್ರೆಸ್ ಬಾಡಿಗಿ ಕೊಡ್ತೀರೇನ್ರಿ? ಟ್ರ್ಯಾಕ್ಟರ್ ಮ್ಯಾಲ ನಿಂದರಿಸಿ ಡಿಜೆ ಹಾಕ್ತೀವಿ. ಕೆಳಗ ದೊಡ್ಡದಾಗಿ ಬರಿಸ್ತೀವಿ, ನಮ್ಮ ತಂಟೆಗೆ ಬಂದ್ರ ಇದಽ ಗತಿ ಅಂತ!” ಎಂದು ಅವರಲ್ಲೊಬ್ಬ ಕುಣಿಯುತ್ತ ಹೇಳಿದ. ಅವನು ಕೆಟ್ಟವನಲ್ಲ. ಅವನ ಮುಖದಲ್ಲಿ ಇದ್ದದ್ದು ಬರೀ ಸಂಭ್ರಮ. ನಾನು ಮೇಡಂ ಕಡೆ ನೋಡಿದೆ. ಅವರು ತಲೆ ತಗ್ಗಿಸಿಕೊಂಡು ಚೀಲದ ದಾರ ಸುತ್ತುತ್ತಿದ್ದರು. ಜಾಹೀರಾತು ಎಂದು ಅವರು ಹೇಳಿದ್ದು ಇದನ್ನೇ. ಹುಡುಗರಿಗೆ “ಆಮ್ಯಾಲ ನೋಡೂಣು ಬರ್ರಪ್ಪ” ಎಂದು ಹೇಳಿ ಕಳಿಸಿದೆ. ಅವರು ಹೋದ ಮೇಲೆ ನಾನೇ ಎದ್ದು ಹೋಗಿ ಚಹಾ ತರಿಸಿದೆ.

ಚಹಾ ಕುಡಿಯುತ್ತ ನಾನು ಕೇಳಿದೆ: “ಅಲ್ರಿ ಮೇಡಂ, ಬಾಂಬ್ ಬಿದ್ದರ ಏನಾಗ್ತೈತಿ ಅಂತ ಇಷ್ಟೆಲ್ಲ ಹೇಳಿದ್ರಿ. ಬಾಂಬ್ ಬ್ಯಾಡ ಅಂತ ಒಪ್ಪಿಕೊಂಡ ಮ್ಯಾಲ ಅದನ್ನ ಏನು ಮಾಡ್ತಾರ? ಎಲ್ಲಿ ಎಸೀತಾರ?”

ಇದನ್ನು ತಮ್ಮ ಭಾಷಣದಲ್ಲಿ ಯಾರೂ ಕೇಳಿರಲಿಲ್ಲವಂತೆ. ಮೇಡಂ ಕುರ್ಚಿಯ ತುದಿಗೆ ಬಂದು ಕೂತರು. ಎಸೆಯುವುದಿಲ್ಲ, ಬಿಚ್ಚುತ್ತಾರೆ, ಸಿಡಿಮದ್ದು ಬೇರೆ, ಒಳಗಿನ ಉಂಡೆಯಂಥ ಲೋಹ ಬೇರೆ, ತಂತಿ ಬೇರೆ. ಬಿಚ್ಚುವ ವಿದ್ಯೆ ಗೊತ್ತಿದೆ, ಎಷ್ಟೋ ಬಾಂಬುಗಳನ್ನು ಹಾಗೆ ಬಿಚ್ಚಿದ್ದೂ ಇದೆ. ಕಷ್ಟ ಇರುವುದು ದೇಶಗಳ ನಡುವಿನ ನಂಬಿಕೆಯಲ್ಲಿ. ಇವನು ನಿಜವಾಗಿ ಬಿಚ್ಚಿದನೇ ಎಂದು ಅವನಿಗೆ ಅನುಮಾನ, ಅವನು ಬಿಚ್ಚಿದ್ದನ್ನು ಕದ್ದು ಮತ್ತೆ ಜೋಡಿಸಿದನೇ ಎಂದು ಇವನಿಗೆ ಅನುಮಾನ. “ಅದಕ್ಕೇ ಇಬ್ಬರ ಕಡೆಯೋರೂ ನಿಂತು ನೋಡ್ಬೇಕು, ಬಿಚ್ಚಿದ್ದನ್ನ ಇಬ್ಬರೂ ಸೇರಿ ಮುಚ್ಚಿಡಬೇಕು, ಆಮೇಲೂ ಬಂದು ಬಂದು ನೋಡ್ತಾ ಇರ್ಬೇಕು. ನಮ್ಮಂಥೋರು ತಲೆ ಕೆಡಿಸ್ಕೊಂಡಿರೋದು ಇದಕ್ಕೇ” ಅಂದರು.

ನಮ್ಮ ಓಣಿಯ ಗುಡಿಯ ದೇವರಿಗೆ ಹಾಕುವ ಬೆಳ್ಳಿ ಮುಖ ನನಗೆ ನೆನಪಾಯಿತು. ಅದನ್ನು ಇಡುವ ಪೆಟ್ಟಿಗೆಗೆ ಎರಡು ಬೀಗ; ಒಂದರ ಕೀಲಿಕೈ ಒಂದು ಮನೆತನದಲ್ಲಿ, ಇನ್ನೊಂದರದು ಇನ್ನೊಂದು ಮನೆತನದಲ್ಲಿ. ಆ ಎರಡು ಮನೆಗಳ ನಡುವೆ ಮಾತು ನಿಂತು ಎರಡು ತಲೆಮಾರಾಯಿತು. ಆದರೂ ಪೂಜೆಯ ದಿನ ಇಬ್ಬರೂ ಬಂದು, ಮುಖ ನೋಡದೆ, ಜೊತೆಯಾಗಿ ಬೀಗ ತೆಗೆಯುತ್ತಾರೆ. ಇದನ್ನು ಹೇಳಿದಾಗ ಮಾಸ್ತರು ತೊಡೆ ತಟ್ಟಿದರು. ಮೇಡಂ ಮಾತ್ರ ತಲೆಯಾಡಿಸಿ, “ಬೀಗ ಇದ್ರೆ ಸಾಲಲ್ಲ ಅಣ್ಣಾರೆ. ಬೀಗಕ್ಕೆ ಕಳ್ಳ ಕೀಲಿಕೈ ಮಾಡಿಸಬಹುದು. ಯಾರಾದ್ರೂ ಬೀಗ ತೆಗೆದ್ರೆ ಗೊತ್ತಾಗೋ ಹಂಗೆ ಮೇಲೊಂದು ಮುದ್ರೆ ಬೇಕು” ಎಂದರು. ಆಮೇಲೆ ಮೇಜಿನ ಮೇಲಿದ್ದ ನನ್ನ ಚಮಕಿ ಡಬ್ಬಿಯನ್ನು ಕೈಗೆತ್ತಿಕೊಂಡು ಚಿಕ್ಕ ಹುಡುಗಿಯ ಹಾಗೆ ನಕ್ಕರು. ಹೊಳೆಯುವ ಪುಡಿಯನ್ನು ಅಂಟಿನಲ್ಲಿ ಕಲಸಿ ಹಚ್ಚಿ ಫೋಟೊ ತೆಗೆದಿಟ್ಟರೆ, ಆ ಚುಕ್ಕಿಗಳು ಬಿದ್ದ ಹಾಗೆ ಇನ್ನೊಮ್ಮೆ ಬೀಳಿಸಲು ಯಾರಿಂದಲೂ ಆಗುವುದಿಲ್ಲವಂತೆ. ಅಸ್ತ್ರಗಳಿಗೆ ಗುರುತು ಹಾಕಲು ವಿಜ್ಞಾನಿಗಳು ಇಂಥದ್ದನ್ನೇ ಮಾಡಿ ನೋಡಿದ್ದಾರಂತೆ. ನಾವು ಅಲ್ಲೇ ಅರಗು ಕರಗಿಸಿ, ಚಮಕಿ ಕಲಸಿ, ರಟ್ಟಿನ ಮೇಲೆ ಸುರಿದು, ಫೋನಿನಲ್ಲಿ ಫೋಟೊ ತೆಗೆದೆವು. ಇನ್ನೊಂದು ಸಲ ಸುರಿದೆವು. ಎರಡೂ ಬೇರೆ ಬೇರೆ. ನಾಲ್ಕು ಸಲ ಪ್ರಯತ್ನಪಟ್ಟರೂ ನನಗೆ ನನ್ನದೇ ಚಮಕಿಯ ನಕಲು ಮಾಡಲಾಗಲಿಲ್ಲ.

ಅಂದೇ ತೀರ್ಮಾನವಾಯಿತು. ಊರು ಸುಡುವ ಭಾಗವನ್ನು ತೆಗೆದುಹಾಕುವುದು. ಆಟದ ಅರ್ಧಕ್ಕೇ ರಾಜರಿಬ್ಬರೂ ಒಪ್ಪಿ, ಬಾಂಬಿನ ವೇಷವನ್ನು ರಂಗದ ಮೇಲೆಯೇ ಒಂದೊಂದಾಗಿ ಬಿಚ್ಚುವುದು, ಪೆಟ್ಟಿಗೆಗೆ ಹಾಕುವುದು, ಎರಡು ಬೀಗ, ಮೇಲೆ ಮುದ್ರೆ.

ಹೇಳುವುದು ಸುಲಭ. ಬಯಲಾಟದಲ್ಲಿ ವೇಷ ಬಿಚ್ಚುವುದು ಬಣ್ಣದ ಮನೆಯಲ್ಲೇ, ಅದೂ ಮಂಗಳಾರತಿಯಾದ ಮೇಲೆ. ಜನರ ಕಣ್ಣೆದುರು ಕಿರೀಟ ತೆಗೆಯುವುದೆಂದರೆ ಆ ಕಲಾವಿದನಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ರಾಕ್ಷಸನ ಹೊಲಕ್ಕೇ ಹೋದೆವು. ಶೇಂಗಾ ಕಳೆ ತೆಗೆಸುತ್ತಿದ್ದವನು ಬದುವಿನ ಮೇಲೆ ಬಂದು ಕೂತು ಎಲ್ಲವನ್ನೂ ಕೇಳಿದ. ಕೇಳಿ ಮುಗಿದ ಮೇಲೆ ಮಾಸ್ತರನ್ನು ನೋಡಿ, “ನೀವೂ ಇದಕ್ಕ ಹೂಂ ಅಂದ್ರೇನ್ರಿ ಮಾಸ್ತರ? ಮಂದಿ ಮುಂದ ವೇಷ ಬಿಚ್ಚೂದಂದ್ರ ಜೀವ ಇರೋವಾಗ ಮೈಮ್ಯಾಲಿನ ಬಟ್ಟಿ ಸುಲಿದಂಗರಿ. ಕೂಡ್ಲಿಗ್ಯಾಗ ಶಾಲು ಹಾಕಿದ ಜನ ನಾಳಿ ನನ್ನ ನೋಡಿ ನಗಬೇಕೇನು?” ಎಂದ. ಮೇಡಂ ಏನೋ ಹೇಳಲು ಹೋದರು. ಮಾಸ್ತರು ಕಣ್ಣಲ್ಲೇ ಬೇಡ ಎಂದರು. ಕೊನೆಗೆ ಅವನು ಒಂದು ಕರಾರು ಹಾಕಿದ: ಭುಜ, ಎದೆ, ಕೈಕಟ್ಟು ಬಿಚ್ಚಲಿ; ಕಿರೀಟ ಮುಟ್ಟಬಾರದು. ನಮಗೆ ಅಷ್ಟಾದರೂ ಸಿಕ್ಕಿತಲ್ಲ ಎಂದು ಒಪ್ಪಿಕೊಂಡು ಬಂದೆವು.

ಕೋಗಳಿಯಲ್ಲಿ ರಾಕ್ಷಸ ಪ್ರವೇಶಿಸಿದಾಗ ಅದೇ ಶಿಳ್ಳೆ, ಅದೇ ಕೇಕೆ. ಅವನು ಪ್ರತಾಪ ಹೇಳಿದ್ದೂ ಆಯಿತು. ಆಮೇಲೆ ಇಬ್ಬರು ರಾಜರು ಬಂದು ಒಬ್ಬೊಬ್ಬರು ಒಂದೊಂದು ಭುಜಕೀರ್ತಿಯ ದಾರ ಬಿಚ್ಚಿದರು. ಮಾಸ್ತರು ಏನು ತೆಗೆದರೆಂದು ಜನರಿಗೆ ಕೂಗಿ ಹೇಳಿ ಪೆಟ್ಟಿಗೆಗೆ ಹಾಕಿದರು. ಎದೆಯ ಗೂಡು ತೆಗೆದಾಗ ಒಳಗಿನ ವೈರು, ಬ್ಯಾಟರಿ ಎಲ್ಲ ಕಂಡವು. ಶಿಳ್ಳೆ ನಿಂತಿತ್ತು. ಜನ ಕತ್ತು ಚಾಚಿ ನೋಡುತ್ತಿದ್ದರು. ವೇಷದ ಒಳಗೇನಿದೆ ಎಂದು ಅವರೂ ಯಾವತ್ತೂ ನೋಡಿದವರಲ್ಲ. ಮಾಸ್ತರು ಪೆಟ್ಟಿಗೆ ಮುಚ್ಚಲು ಹೋದರು. ಆಗ ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು ಎದ್ದು ನಿಂತು ಕೈ ತೋರಿಸಿ ಕೇಳಿದಳು: “ಅಯ್ಯ, ತಲಿ ಮ್ಯಾಲಿಂದು ಯಾಕ ಬಿಟ್ರಿ?”

ಮಾಸ್ತರು ಮುಚ್ಚಳ ಹಿಡಿದುಕೊಂಡೇ “ಅದೊಂದು ಇರಲವ್ವ” ಅಂದರು.

“ಒಂದು ಇಟ್ಕೊಂಡ್ರ ಏನ್ ಬಂತು? ಅದರಾಗಽ ಅಲ್ಲೇನು ಬೆಂಕಿ ಇರೂದು?” ಎಂದಳು ಆಕೆ. ಅವಳ ಹಿಂದಿನವರು “ಹೌದ್ ಹೌದು, ಕಿರೀಟ ತೆಗೀರಿ!” ಎಂದರು. ಬಯಲೆಲ್ಲ “ಕಿರೀಟ! ಕಿರೀಟ!” ಎಂದು ಕೂಗಿತು. ಯಾರೋ ನಕ್ಕರು. ರಾಕ್ಷಸ ಕಿರೀಟವನ್ನು ಎರಡೂ ಕೈಯಿಂದ ಹಿಡಿದುಕೊಂಡು ದುಡುದುಡು ಇಳಿದು ಬಣ್ಣದ ಮನೆಗೆ ಹೋಗಿಬಿಟ್ಟ. ಆಟ ಅಲ್ಲಿಗೇ ನಿಂತಿತು. ಮಾಸ್ತರು ಹೇಗೋ ಮಂಗಳ ಹಾಡಿ ಮುಗಿಸಿದರು.

ನನಗೆ ತಲೆ ಎತ್ತಲಾಗಲಿಲ್ಲ. ಸಾಮಾನು ಟೆಂಪೋಗೆ ಹೇರುತ್ತ ಎಲ್ಲರ ಮೇಲೂ ಹರಿಹಾಯುತ್ತಿದ್ದೆ. ಮೇಡಂ ಮಾತ್ರ ಕಣ್ಣೊರೆಸಿಕೊಳ್ಳುತ್ತಿದ್ದರು. ಅಳುತ್ತಿದ್ದಾರೆಂದು ಹತ್ತಿರ ಹೋದೆ. ಅವರು ನಗುತ್ತಿದ್ದರು. “ಕೇಳಿದ್ರಾ ಅಣ್ಣಾರೆ ಆಯಮ್ಮ ಕೇಳಿದ್ದನ್ನ? ದೊಡ್ಡ ದೊಡ್ಡೋರು ಕೂತ್ಕೊಂಡಿರೋ ಸಭೆಯಾಗೆ ವರ್ಷಗಟ್ಟಲೆ ಜಗ್ಗಾಡೋ ಪ್ರಶ್ನೆ ಅದು. ನಾವು ಯಾರೂ ಹೇಳಿಕೊಡದೇ ಇಡೀ ಊರೇ ಕೇಳ್ತು” ಅಂದರು. ನಾನು ಸೋಲು ಎಂದುಕೊಂಡದ್ದು ಅವರಿಗೆ ಹಾಗೆ ಕಂಡಿರಲಿಲ್ಲ. ಆ ಕೂಗನ್ನು ನಾನೂ ಮತ್ತೊಮ್ಮೆ ಮನಸ್ಸಿನಲ್ಲಿ ಕೇಳಿಸಿಕೊಂಡೆ. ಕೂಡ್ಲಿಗಿಯ ಜನ ಬಾಂಬಿಗೆ ಇನ್ನೊಮ್ಮೆ ಎಂದಿದ್ದರು, ಕೋಗಳಿಯವರು ತೆಗೀರಿ ಎಂದಿದ್ದರು.

ಆದರೆ ಇಟ್ಟಿಗಿಗೆ ರಾಕ್ಷಸ ಬರುತ್ತಾನೋ ಇಲ್ಲವೋ ಗೊತ್ತಿರಲಿಲ್ಲ. ಫೋನು ಎತ್ತಲಿಲ್ಲ. ಮಾಸ್ತರು ಬೇರೆ ಯಾರಿಗಾದರೂ ಪಾರ್ಟು ಕೊಡೋಣವೆಂದರು. ಮೇಡಂ ಒಪ್ಪಲಿಲ್ಲ. “ಬಲವಂತದಿಂದ ಬಿಚ್ಚಿಸಿದ್ದು ಬಿಚ್ಚಿದಂಗಲ್ಲ. ಬಂದ್ರೆ ಅವರೇ ಬರಲಿ, ಇಲ್ಲಾಂದ್ರೆ ಬ್ಯಾಡ” ಎಂದರು. ಅವರ ಕಡೇ ಆಟ ಇದು, ಅದನ್ನೂ ಬಿಡಲು ತಯಾರಾಗಿದ್ದಾರಲ್ಲ ಎಂದು ನನಗೆ ಸಿಟ್ಟೂ ಬಂತು, ಅವರ ಮೇಲೆ ಗೌರವವೂ ಬಂತು.

ಇಟ್ಟಿಗಿಯಲ್ಲಿ ನಾವು ಪರದೆ ಕಟ್ಟುತ್ತಿರುವಾಗ ಅವನು ಬಸ್ಸಿಳಿದು ನಡೆದು ಬಂದ. ಯಾರನ್ನೂ ಮಾತಾಡಿಸದೆ ಬಣ್ಣದ ಮನೆಯಲ್ಲಿ ಕೂತು ತಾನೇ ಮುಖಕ್ಕೆ ಸಫೇದ ಬಣ್ಣ ಹಚ್ಚಿಕೊಂಡ, ಹುಬ್ಬು ತಿದ್ದಿಕೊಂಡ. ನಾನು ಎದೆಯ ಗೂಡು ಕಟ್ಟುತ್ತಿದ್ದೆ. ಮೇಡಂ ಬ್ಯಾಟರಿ ನೋಡಲು ಬಂದರು. ಆಗ ಅವನು ಕನ್ನಡಿಯಲ್ಲೇ ಅವರನ್ನು ನೋಡಿ ಕೇಳಿದ: “ಮೇಡಂ, ಅಲ್ಲಿ ದೇಶಗಳದಾವಲ್ರಿ, ಅವರೊಳಗ ಮೊದಲ ಯಾರು ಬಿಚ್ಚಬೇಕು?”

“ಅದೇ ಜಗಳ ಕಣಪ್ಪ. ಎಲ್ಲರೂ ಅವನು ಮೊದಲು ಬಿಚ್ಚಲಿ ಅಂತಾರೆ.”

“ಮತ್ತ ಹೆಂಗ ಮುಗೀತೈತಿ?”

“ಯಾರಾದ್ರೂ ಒಬ್ಬರು ಅವಮಾನ ಅಂದ್ಕೊಳ್ದೆ ಮುಂದೆ ಬರ್ಬೇಕು” ಎಂದರು ಮೇಡಂ. ಅವನು ಹೂಂ ಎಂದ. ಗೆಜ್ಜೆ ಕಟ್ಟಿಕೊಂಡ.

ಆ ಸಂಜೆ ಅವನು ಕುಣಿದ ಹಾಗೆ ಕೂಡ್ಲಿಗಿಯಲ್ಲೂ ಕುಣಿದಿರಲಿಲ್ಲ. ರಂಗದ ಹಲಗೆ ಮುರಿಯುತ್ತದೆ ಎಂದು ನನಗೆ ಭಯವಾಯಿತು. ಪ್ರತಾಪ ಹೇಳಿದ, ಜನ ಎದ್ದು ನಿಂತು ಕೂಗಿದರು. ಭುಜಕೀರ್ತಿ ಇಳಿಯಿತು, ಕೈಕಟ್ಟು ಇಳಿಯಿತು, ಎದೆಯ ಗೂಡು ಇಳಿಯಿತು. ಜನ ಸದ್ದಿಲ್ಲದೆ ನೋಡುತ್ತಿದ್ದರು. ರಾಜರಿಬ್ಬರೂ ಹಿಂದೆ ಸರಿದರು. ರಾಕ್ಷಸ ನಡುವೆ ಒಬ್ಬನೇ ನಿಂತಿದ್ದ, ತಲೆಯ ಮೇಲೆ ನನ್ನ ಕಿರೀಟ ಉರಿಯುತ್ತಿತ್ತು. ಅವನು ಎರಡೂ ಕೈ ಮೇಲೆತ್ತಿ, ಗದ್ದದ ಕೆಳಗಿನ ದಾರ ಜಗ್ಗಿ, ಅದನ್ನು ತಾನೇ ತೆಗೆದ. ಪೆಟ್ಟಿಗೆಯೊಳಗೆ ಮೆಲ್ಲಗೆ ಇಟ್ಟ. ತೊಟ್ಟಿಲಲ್ಲಿ ಕೂಸು ಮಲಗಿಸಿದ ಹಾಗೆ ಇಟ್ಟ.

ಈಗ ಅವನ ತಲೆ ಎಲ್ಲರಿಗೂ ಕಂಡಿತು. ನೆತ್ತಿಯ ಕೂದಲು ಉದುರಿತ್ತು, ಉಳಿದದ್ದು ಬೆವರಿಗೆ ಅಂಟಿತ್ತು, ಬಣ್ಣ ಕೆನ್ನೆಯ ಮೇಲೆ ಇಳಿದಿತ್ತು. ಒಬ್ಬರೂ ನಗಲಿಲ್ಲ. ಮಾಸ್ತರು, ರೂಢಿಯ ಬಲದಿಂದಲೋ ಏನೋ, “ತಾವು ಯಾರು?” ಎಂದುಬಿಟ್ಟರು.

ಅವನು ಜನರ ಕಡೆ ತಿರುಗಿದ. “ನಾನಾ? ಶೇಂಗಾ ಬೆಳಿಯಾವರಿ. ಬಾಯಿ ಒಣಗೈತಿ, ಯಾರರ ಒಂದೀಟು ನೀರು ಕೊಡ್ರವ್ವ” ಎಂದ.

ಹೆಂಗಸರ ಗುಂಪಿನಿಂದ ಒಂದು ತಂಬಿಗೆ ಕೈಯಿಂದ ಕೈಗೆ ದಾಟಿ ಬಂತು. ಅವನು ಅಲ್ಲೇ ಹಲಗೆಯ ಮೇಲೆ ಕುಕ್ಕರಗಾಲಲ್ಲಿ ಕೂತು ಗಟಗಟನೆ ಕುಡಿದ. ಇಡೀ ಬಯಲು ಅವನು ನೀರು ಕುಡಿಯುವುದನ್ನು ನೋಡಿತು. ನನ್ನ ಪಕ್ಕದಲ್ಲಿ ಮೇಡಂ ಬಾಯಿಗೆ ಸೆರಗು ಒತ್ತಿಕೊಂಡಿದ್ದರು.

ಅಲ್ಲಿಗೆ ಮುಗಿಯಿತು ಎಂದುಕೊಂಡೆ. ರಾಜರಿಬ್ಬರು ಬೀಗ ಹಾಕಿ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡರು. ರಾಕ್ಷಸ ಎದ್ದು ಕೈ ಅಡ್ಡ ಹಿಡಿದ. “ಇವರಿಬ್ಬರೂ ಒಂದಽ ಊರಿನಾವರು. ನಾಳಿ ಬಸ್‌ನ್ಯಾಗ ಜೊತಿಗೆ ಕುಂತು ಹೋಗ್ತಾರ. ಇವರ ಕೈಯಾಗ ಕೀಲಿ ಇದ್ರ ಎಷ್ಟು, ಬಿಟ್ರ ಎಷ್ಟು? ಒಂದು ಕೀಲಿ ಇಟ್ಟಿಗ್ಯಾಗ ಇರ್ಲಿ. ಇನ್ನೊಂದು ಕೋಗಳ್ಯಾಗ ಕಿರೀಟ ಕೇಳಿದ್ಲಲ್ಲ ಆಯವ್ವಗ ಮುಟ್ಟಿಸೂಣು” ಎಂದ. ಜನ ಹೋ ಎಂದರು. ಆಮೇಲೆ ಎಲ್ಲರೂ ನನ್ನ ಕಡೆ ತಿರುಗಿದರು. ವೇಷ ನನ್ನದಲ್ಲವೇ!

ತಾಲೀಮಿನಲ್ಲಿ ಈ ಮಾತಿರಲಿಲ್ಲ. ಆಟ ಮುಗಿದ ಮೇಲೆ ಬೀಗ ತೆಗೆದು ವೇಷವನ್ನು ಅಂಗಡಿಯಲ್ಲಿ ತೂಗುಹಾಕುವುದೆಂದು ನನ್ನ ಲೆಕ್ಕ. ಬೈಕಿನ ಹುಡುಗರು ಮತ್ತೆರಡು ಸಲ ಫೋನು ಮಾಡಿದ್ದರು. ನಾನು ಹೂಂ ಎಂದಿರಲಿಲ್ಲ, ಉಹುಂ ಎಂದೂ ಇರಲಿಲ್ಲ. ಆ ಕಿರೀಟದಂಥದ್ದು ಮತ್ತೆ ನನ್ನ ಕೈಯಿಂದ ಆಗುವುದಿಲ್ಲ, ನನಗೆ ಗೊತ್ತಿತ್ತು. ಆದರೆ ಅವನು ಬರಿ ತಲೆಯಲ್ಲಿ ಎದುರಿಗೆ ನಿಂತಿದ್ದ, ನಾನು ಏನು ಹೇಳಲಿ? ರಂಗ ಹತ್ತಿ ಹೋಗಿ ಅರಗು ಕರಗಿಸಿದೆ. ಮೇಡಂ ಚಮಕಿ ಉದುರಿಸಿದರು. ಎರಡೂ ಬೀಗದ ಬಾಯಿ ಮುಚ್ಚುವ ಹಾಗೆ ನಾನೇ ಸುರಿದೆ. ಜನ ನೂಕಿಕೊಂಡು ಬಂದು ಫೋನು ಹಿಡಿದು ಫೋಟೊ ತೆಗೆದುಕೊಂಡರು. ಕೂಡ್ಲಿಗಿಯಲ್ಲಿ ಬಾಂಬಿನ ಜೊತೆ ಫೋಟೊ ತೆಗೆಸಿಕೊಂಡ ಹಾಗೆ ಇಲ್ಲಿ ಮುದ್ರೆಯ ಫೋಟೊ. ಮರುದಿನ ಮಾಸ್ತರು ಒಂದು ಕೀಲಿಕೈಯನ್ನೂ ಆ ಫೋಟೊವನ್ನೂ ಕೋಗಳಿಯ ಹೆಂಗಸಿಗೆ ಮುಟ್ಟಿಸಿದರು.

ಮೇಡಂ ಬಿಡಲಿಲ್ಲ, ಬಿಡುವ ಮಾತನ್ನು ಮತ್ತೆ ಎತ್ತಲೂ ಇಲ್ಲ. ಈಗ ಬೇರೆ ಊರಿನವರು ಕರೆಯುತ್ತಿದ್ದಾರೆ. ಪ್ರತಿ ಊರಿಗೂ ಹೊಸ ವೇಷ ಮಾಡಿಕೊಡುತ್ತೇನೆ, ಬರೀ ರಟ್ಟು, ಬರೀ ಬಟ್ಟೆ. ಅದನ್ನು ಆಟವಾದ ಊರಲ್ಲೇ ಬೀಗ ಹಾಕಿ ಬಿಟ್ಟುಬರುತ್ತೇವೆ. ರಾಕ್ಷಸ ಈಗ ಕಿರೀಟ ತೆಗೆಯುವ ಹೊತ್ತಿಗೆ ಶಾಲು ಹೊದಿಸಿಕೊಳ್ಳುತ್ತಾನೆ. ಜಗತ್ತಿನ ಬಾಂಬುಗಳು ಹಾಗೇ ಇವೆ, ಗೊತ್ತು. ಅದನ್ನು ಹೇಳಿ ಮೇಡಂ ಅವರನ್ನು ರೇಗಿಸುತ್ತೇನೆ. “ಶುರುವಾಗೈತಲ್ಲ ಅಣ್ಣಾರೆ” ಎನ್ನುತ್ತಾರೆ ಅವರು. ಅವರ ದನಿಯಲ್ಲಿ ಆ ದಣಿವು ಈಗ ಇಲ್ಲ.

ಮೊದಲ ಪೆಟ್ಟಿಗೆ ಮಾತ್ರ ನನ್ನ ಅಂಗಡಿಯಲ್ಲೇ ಇದೆ, ಬಾಗಿಲಿಗೆ ಎದುರಾಗಿ. ಬೈಕಿನ ಹುಡುಗರು ಮತ್ತೆ ಬಂದಿದ್ದರು. ಇಟ್ಟಿಗಿಯವರನ್ನೂ ಕೋಗಳಿಯವರನ್ನೂ ಜೊತೆಗೆ ಕರೆದುಕೊಂಡು ಬನ್ನಿ, ಕೊಡುತ್ತೇನೆ ಎಂದೆ. ತಲೆ ಕೆರೆದುಕೊಂಡು ಹೋದರು.

ಕಳೆದ ಸಂತೆಯ ದಿನ ಕೋಗಳಿಯ ಆ ಹೆಂಗಸು ಅಂಗಡಿಗೆ ಬಂದಳು. ಕೈಯಲ್ಲಿ ಸೊಪ್ಪಿನ ಚೀಲ, ಕೊರಳಿನ ಸರದಲ್ಲಿ ಕೀಲಿಕೈ. ನಾನು ಕೂಡ್ರು ಎಂದರೂ ಕೂಡ್ರಲಿಲ್ಲ. ಚೀಲ ಕೆಳಗಿಟ್ಟು, ಫೋನು ತೆಗೆದು, ಪೆಟ್ಟಿಗೆಯ ಮುಂದೆ ಬಗ್ಗಿ, ಫೋಟೊದ ಒಂದೊಂದೇ ಚುಕ್ಕಿಯನ್ನು ಮುದ್ರೆಯ ಚುಕ್ಕಿಗೆ ಹೊಂದಿಸಿ ನೋಡಿದಳು.

“ನನ್ನ ಮ್ಯಾಲ ನಂಬಿಕಿ ಇಲ್ಲೇನವ್ವ?” ಎಂದೆ ನಗುತ್ತ.

“ನಂಬಿಕಿ ಐತ್ರಿ ಸಾವ್ಕಾರ್ರ” ಎಂದಳು, ಕಣ್ಣು ಎತ್ತದೆ. “ಆದ್ರೂ ನೋಡಿ ಹೋಗ್ತೀನಿ.”